ಕೋಣೆಯ ಗಾಳಿಗೆ ಸರಿಯಾದ ಸಿಒ2 ಸೆನ್ಸರ್ ಆರಿಸುವುದು ಹೇಗೆ? ಕೊಳ್ಳುವ ಮುಂಚೆ, ಕೊಂಡ ಮೇಲೆ ಮಾಡಬೇಕಾದ್ದೆಲ್ಲ

ಆನ್‌ಲೈನ್ ಅಂಗಡಿಯಲ್ಲಿ ‘ಸಿಒ2 ಮಾನಿಟರ್’ ಅಂತ ಹುಡುಕಿ ನೋಡಿ. ಅಗ್ಗದ್ದಕ್ಕೂ ದುಬಾರಿಯದ್ದಕ್ಕೂ ಬೆಲೆಯಲ್ಲಿ ಹತ್ತಾರು ಪಟ್ಟು ಅಂತರ ಇರುತ್ತದೆ. ಎರಡರ ಪರದೆಯ ಮೇಲೂ ಪಿಪಿಎಂ ಅಂತ ದಪ್ಪ ಅಂಕಿ. ಎರಡರ ಡಬ್ಬಿಯ ಮೇಲೂ ‘ಹೈ ಅಕ್ಯುರಸಿ’. ನೋಡಿದರೆ ಒಂದೇ ಕೆಲಸದ ಎರಡು ವಸ್ತು ಅನ್ನಿಸುತ್ತದೆ. ಆದರೆ ಅಗ್ಗದ ಮಾನಿಟರ್‌ಗಳಲ್ಲಿ ಬಹಳಷ್ಟರ ಒಳಗೆ ಸಿಒ2, ಅಂದರೆ ಇಂಗಾಲದ ಡೈಆಕ್ಸೈಡ್, ಅಳೆಯುವ ಭಾಗವೇ ಇರುವುದಿಲ್ಲ.

ದುಬಾರಿಯದ್ದು ತಂದರೂ ಕೆಲಸ ಮುಗಿಯಲಿಲ್ಲ. ಬೆಂಗಳೂರಿನಲ್ಲಿ ಕೂತು ಸಮುದ್ರ ಮಟ್ಟದ ಲೆಕ್ಕದಲ್ಲಿ ಅಳೆದರೆ, ಅಥವಾ ಯಾವತ್ತೂ ಖಾಲಿಯಾಗದ ಕೋಣೆಯಲ್ಲಿ ಅದು ತನ್ನಷ್ಟಕ್ಕೆ ಸೊನ್ನೆ ಹೊಂದಿಸಿಕೊಳ್ಳುತ್ತಾ ಹೋದರೆ, ಒಳ್ಳೆಯ ಸೆನ್ಸರ್ ಕೂಡ ಸುಳ್ಳು ಹೇಳುತ್ತದೆ. ಹಾಗಾಗಿ ಡಬ್ಬಿಯ ಮೇಲಿನ ಪ್ಲಸ್-ಮೈನಸ್ ಅಂಕಿ ನೋಡುವ ಮೊದಲು ಮೂರು ಪ್ರಶ್ನೆ ಕೇಳಿ. ಇದು ನಿಜವಾಗಿ ಸಿಒ2 ಅಳೆಯುತ್ತದಾ? ಯಾವುದನ್ನು ‘ಶುದ್ಧ ಗಾಳಿ’ ಅಂದುಕೊಳ್ಳುತ್ತದೆ? ನಾನಿರುವ ಊರು ಎಷ್ಟು ಎತ್ತರದಲ್ಲಿದೆ ಅಂತ ಇದಕ್ಕೆ ಗೊತ್ತಾ?

ಹಂತ 1: ನಿಮಗೆ ಎಷ್ಟು ನಿಖರತೆ ಬೇಕು?

ಹೊರಗಿನ ಗಾಳಿಯಲ್ಲಿ ಈಗ ಸಿಒ2 ಸುಮಾರು 425 ಪಿಪಿಎಂ ಇದೆ. ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಇಷ್ಟು ಅಂತ ಅರ್ಥ. ಹವಾಯಿಯ ಮೌನಾ ಲೋವಾ ಬೆಟ್ಟದಲ್ಲಿ 1958ರಲ್ಲಿ ಅಳತೆ ಶುರುವಾದಾಗ ಇದು 315ರ ಆಸುಪಾಸಿನಲ್ಲಿತ್ತು. ಟ್ರಾಫಿಕ್ ಜಾಸ್ತಿ ಇರುವ ರಸ್ತೆಯ ಪಕ್ಕ 450, 500 ಕಂಡರೂ ಅಚ್ಚರಿಯಿಲ್ಲ.

ಮನೆಯೊಳಗೆ ಇದು ಏರುವುದು ಮುಖ್ಯವಾಗಿ ನಮ್ಮ ಉಸಿರಿನಿಂದ. ನಾವು ಬಿಡುವ ಉಸಿರಿನಲ್ಲಿ ಸುಮಾರು ಶೇಕಡಾ 4ರಷ್ಟು ಸಿಒ2 ಇರುತ್ತದೆ, ಅಂದರೆ 40,000 ಪಿಪಿಎಂ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಮಲಗುವ ಕೋಣೆ ತೆಗೆದುಕೊಳ್ಳಿ. ಅದರಲ್ಲಿ ಸುಮಾರು 34,000 ಲೀಟರ್ ಗಾಳಿ ಹಿಡಿಸುತ್ತದೆ. ಮಲಗಿದ ಇಬ್ಬರು ದೊಡ್ಡವರು ಸೇರಿ ಗಂಟೆಗೆ ಸುಮಾರು 25 ಲೀಟರ್ ಸಿಒ2 ಬಿಡುತ್ತಾರೆ. ಗಾಳಿ ಎಲ್ಲೂ ಸೋರದಿದ್ದರೆ ಗಂಟೆಗೆ 700 ಪಿಪಿಎಂಗಿಂತ ಜಾಸ್ತಿ ಏರಬೇಕು. ಬಾಗಿಲ ಸಂದಿಯಲ್ಲಿ ಒಂದಿಷ್ಟು ಗಾಳಿ ಓಡಾಡುವುದರಿಂದ ಅಷ್ಟು ಏರುವುದಿಲ್ಲ. ಆದರೂ ಕಿಟಕಿ ಮುಚ್ಚಿ ಎಸಿ ಹಾಕಿ ಮಲಗಿದರೆ ಬೆಳಗಿನ ಹೊತ್ತಿಗೆ 2000 ದಾಟಿರುವುದು ಮಾಮೂಲು. ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದಿಲ್ಲ. ಕೋಣೆಯ ಗಾಳಿಯನ್ನೇ ಸುತ್ತಿಸಿ ತಂಪು ಮಾಡುತ್ತದೆ, ಅಷ್ಟೇ. ಇದನ್ನು ಹೇಳಿದರೆ ನಂಬದವರೇ ಹೆಚ್ಚು.

ಇನ್ನು ಎಲ್ಲರ ಬಾಯಲ್ಲಿರುವ 1000 ಪಿಪಿಎಂ. ಮ್ಯೂನಿಕ್‌ನ ಆರೋಗ್ಯ ವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ 1858ರಲ್ಲೇ ಈ ಅಂಕಿ ಹೇಳಿದ್ದರು. ಅವರು ಸಿಒ2ವನ್ನು ವಿಷ ಅಂತ ನೋಡಲಿಲ್ಲ, ಜನ ತುಂಬಿದ ಕೋಣೆಯ ಗಾಳಿ ಎಷ್ಟು ಹಳಸಿದೆ ಅನ್ನುವುದರ ಗುರುತಾಗಿ ನೋಡಿದರು. ಇವತ್ತಿಗೂ ಅದರ ಉಪಯೋಗ ಅದೇ. ಅಮೆರಿಕದ ಆಶ್ರೇ ಸಂಸ್ಥೆಯ ಗಾಳಿಯಾಟದ ಮಾನದಂಡ 1000ವನ್ನು ಮಿತಿಯಾಗಿ ಇಟ್ಟಿದೆ ಅಂತ ಹಲವರು ಬರೆಯುತ್ತಾರೆ. ಈಗಿನ ಮಾನದಂಡದಲ್ಲಿ ಅಂಥ ಮಿತಿ ಇಲ್ಲ. ಸುಮ್ಮನೆ ಕೂತಿರುವ ಒಬ್ಬರಿಗೆ ಸೆಕೆಂಡಿಗೆ ಸುಮಾರು ಏಳೂವರೆ ಲೀಟರ್ ಹೊರಗಾಳಿ ಕೊಟ್ಟರೆ, ಒಳಗಿನ ಸಿಒ2 ಹೊರಗಿನದಕ್ಕಿಂತ 700 ಪಿಪಿಎಂ ಆಸುಪಾಸು ಮೇಲೆ ನಿಲ್ಲುತ್ತದೆ. ಆ ಲೆಕ್ಕದಿಂದಾಗಿ ಜನರ ಬಾಯಲ್ಲಿ ಉಳಿದುಕೊಂಡ ಅಂಕಿ ಅದು. ಅಮೆರಿಕದಲ್ಲಿ ಕೆಲಸದ ಜಾಗಕ್ಕೆ ಎಂಟು ಗಂಟೆಯ ಸರಾಸರಿ ಮಿತಿ 5000 ಪಿಪಿಎಂ. ಅದು ಕಾರ್ಖಾನೆಗಳ ಲೆಕ್ಕ, ಮನೆಗೆ ಅದನ್ನು ತಂದು ಹಾಕಬೇಡಿ.

ಇದೆಲ್ಲ ಯಾಕೆ ಹೇಳಿದೆ ಅಂದರೆ, ನೀವು ತೆಗೆದುಕೊಳ್ಳುವ ತೀರ್ಮಾನ 700ಕ್ಕೂ 1400ಕ್ಕೂ ನಡುವಿನದು. ಕಿಟಕಿ ತೆರೆಯಬೇಕಾ, ಎಕ್ಸಾಸ್ಟ್ ಫ್ಯಾನ್ ಹಾಕಬೇಕಾ, ತರಗತಿಗೆ ಹತ್ತು ನಿಮಿಷ ಬಿಡುವು ಕೊಡಬೇಕಾ. ಇದಕ್ಕೆ ಪ್ರಯೋಗಾಲಯದ ಯಂತ್ರ ಬೇಡ. ಕ್ಯಾಲಿಫೋರ್ನಿಯಾದ ಕಟ್ಟಡ ನಿಯಮ ಗಾಳಿಯಾಟ ನಿಯಂತ್ರಿಸುವ ಸೆನ್ಸರ್‌ಗಳಿಂದ ಕೇಳುವುದು 600 ಮತ್ತು 1000 ಪಿಪಿಎಂನಲ್ಲಿ ±75ರ ಒಳಗಿನ ನಿಖರತೆ. ಮನೆ, ಕ್ಲಿನಿಕ್, ಟ್ಯೂಷನ್ ಕ್ಲಾಸ್‌ಗೆ ಇದು ಒಳ್ಳೆಯ ಗುರಿ. ±100 ಇದ್ದರೂ ಕೆಲಸ ನಡೆಯುತ್ತದೆ. ±300 ಆದರೆ ನಡೆಯುವುದಿಲ್ಲ.

ಹಂತ 2: ಒಳಗೆ ಇರುವ ಸೆನ್ಸರ್ ಯಾವ ಬಗೆಯದು?

ಇಲ್ಲೇ ಮುಕ್ಕಾಲು ಆಯ್ಕೆ ಮುಗಿಯುತ್ತದೆ. ಮೂರು ಬಗೆಯ ಸೆನ್ಸರ್‌ಗಳು ಎದುರಾಗುತ್ತವೆ.

ಮೊದಲನೆಯದು ಎನ್‌ಡಿಐಆರ್. ಸಿಒ2 ಅಣು 4.26 ಮೈಕ್ರೋಮೀಟರ್ ತರಂಗದ ಅವಗೆಂಪು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಪುಟ್ಟ ಕೊಳವೆಯ ಒಂದು ಕಡೆ ಬೆಳಕಿನ ಮೂಲ, ಇನ್ನೊಂದು ಕಡೆ ಆ ತರಂಗ ಮಾತ್ರ ಬಿಡುವ ಫಿಲ್ಟರ್ ಮತ್ತು ಡಿಟೆಕ್ಟರ್. ನಡುವಿನ ಗಾಳಿಯಲ್ಲಿ ಸಿಒ2 ಹೆಚ್ಚಾದಷ್ಟೂ ಆಚೆ ಕಡೆ ತಲುಪುವ ಬೆಳಕು ಕಡಿಮೆ. ದಶಕಗಳಿಂದ ಪಳಗಿದ ವಿಧಾನ ಇದು. ಸ್ವೀಡನ್ನಿನ ಸೆನ್ಸ್‌ಏರ್ ಎಸ್8, ಸನ್‌ರೈಸ್, ಸ್ವಿಟ್ಜರ್ಲೆಂಡಿನ ಸೆನ್ಸಿರಿಯಾನ್ ಎಸ್‌ಸಿಡಿ30, ಚೀನಾದ ವಿನ್ಸೆನ್ ಎಂಎಚ್-ಝಡ್19 ಈ ಗುಂಪಿನವು.

ಎರಡನೆಯದು ಫೋಟೋಅಕೌಸ್ಟಿಕ್. ಇಲ್ಲೂ ಅದೇ ಅವಗೆಂಪು ಬೆಳಕು. ಆದರೆ ಬೆಳಕನ್ನು ಮಿನುಗಿಸಿದಾಗ ಅದನ್ನು ಹೀರಿದ ಸಿಒ2 ಬಿಸಿಯಾಗಿ ಹಿಗ್ಗುತ್ತದೆ, ತಣಿದು ಕುಗ್ಗುತ್ತದೆ. ಆ ಒತ್ತಡದ ಅಲೆಯನ್ನು ಪುಟ್ಟ ಮೈಕ್ ಕೇಳಿಸಿಕೊಳ್ಳುತ್ತದೆ. ಉದ್ದ ಕೊಳವೆ ಬೇಡವಾದ್ದರಿಂದ ಸೆನ್ಸರ್ ಬಹಳ ಚಿಕ್ಕದು. ಸೆನ್ಸಿರಿಯಾನ್ ಎಸ್‌ಸಿಡಿ40, ಎಸ್‌ಸಿಡಿ41 ಮತ್ತು ಇನ್ಫಿನಿಯಾನ್‌ನ ಪಿಎಎಸ್ ಸಿಒ2 ಹೀಗೆ ಕೆಲಸ ಮಾಡುತ್ತವೆ. ಇವೂ ನಿಜವಾದ ಸಿಒ2 ಸೆನ್ಸರ್‌ಗಳೇ.

ಮೂರನೆಯದು ಲೋಹದ ಆಕ್ಸೈಡ್ ಸೆನ್ಸರ್. ಹುಷಾರಾಗಿರಬೇಕಾದ್ದು ಇದರ ಬಗ್ಗೆ. ಬಿಸಿಯಾದ ಆಕ್ಸೈಡ್ ಪದರಕ್ಕೆ ಆಲ್ಕೋಹಾಲ್, ಪೇಂಟಿನ ಆವಿ, ಹೊಗೆ, ಸೆಂಟು ತಾಗಿದರೆ ಅದರ ವಿದ್ಯುತ್ ರೋಧ ಬದಲಾಗುತ್ತದೆ. ಸಿಒ2ಗೆ ಅದು ಕ್ಯಾರೇ ಅನ್ನುವುದಿಲ್ಲ. ಹಾಗಿದ್ದೂ ‘ಜನ ಇದ್ದಲ್ಲಿ ಈ ಆವಿಗಳೂ ಇರುತ್ತವೆ, ಆದ್ದರಿಂದ ಸಿಒ2 ಇಷ್ಟಿರಬಹುದು’ ಅಂತ ಊಹಿಸಿ ಒಂದು ಅಂಕಿ ಕೊಡುತ್ತದೆ. ತಯಾರಕರು ಕೊಡುವ ವಿವರಪಟ್ಟಿಯಲ್ಲಿ, ಅಂದರೆ ಡೇಟಾಶೀಟ್‌ನಲ್ಲಿ, ಇದನ್ನು ‘ಇಸಿಒ2’ ಅಂತ ಬರೆದಿರುತ್ತಾರೆ, ಹಿಂದಿನ ‘ಇ’ ಅಂದರೆ ಅಂದಾಜಿನ ಸಮಾನ ಬೆಲೆ. ಡಬ್ಬಿಗೆ ಬರುವಷ್ಟರಲ್ಲಿ ಆ ‘ಇ’ ಮಾಯವಾಗಿರುತ್ತದೆ. ಸಿಸಿಎಸ್811, ಎಸ್‌ಜಿಪಿ30, ಬಿಎಂಇ680 ಈ ಜಾತಿಯವು. ಗಾಳಿಯಲ್ಲಿನ ಆವಿಗಳ ಏರಿಳಿತ ನೋಡಲು ಇವು ಒಳ್ಳೆಯವೇ. ಸಿಒ2ಗೆ ಅಲ್ಲ.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ‘ಏರ್ ಕ್ವಾಲಿಟಿ ಸೆನ್ಸರ್ ಕೊಡಿ’ ಅಂದರೆ ಮೊದಲು ಕೈಗೆ ಬರುವುದು ಸಾಮಾನ್ಯವಾಗಿ ಎಂಕ್ಯೂ-135. ಕಾಲೇಜು ಪ್ರಾಜೆಕ್ಟುಗಳಲ್ಲಿ ಇದರಿಂದ ಸಿಒ2 ಪಿಪಿಎಂ ತೆಗೆಯುವ ಕೋಡ್ ಎಷ್ಟೋ ವರ್ಷದಿಂದ ಕೈಯಿಂದ ಕೈಗೆ ಹೋಗುತ್ತಿದೆ. ಕೋಡ್ ಓಡುತ್ತದೆ, ಅಂಕಿಯೂ ಬರುತ್ತದೆ. ಆ ಅಂಕಿಗೂ ಕೋಣೆಯ ಸಿಒ2ಗೂ ಸಂಬಂಧ ಇಲ್ಲ. ಅಮೋನಿಯಾ, ಆಲ್ಕೋಹಾಲ್, ಹೊಗೆಗೆ ಸ್ಪಂದಿಸುವ ಸೆನ್ಸರ್ ಅದು.

ಮಾರಾಟದ ಪುಟದಲ್ಲಿ ಹೀಗೆ ಜರಡಿ ಹಿಡಿಯಿರಿ. ‘ಎನ್‌ಡಿಐಆರ್’ ಅಥವಾ ‘ಫೋಟೋಅಕೌಸ್ಟಿಕ್’ ಅನ್ನುವ ಪದ ಇದೆಯಾ? ಒಳಗಿನ ಸೆನ್ಸರ್‌ನ ತಯಾರಕರ ಹೆಸರು, ಮಾಡೆಲ್ ನಂಬರ್ ಇದೆಯಾ? ಎರಡೂ ಇಲ್ಲದಿದ್ದರೆ ಮಾರುವವರಿಗೆ ಸಂದೇಶ ಹಾಕಿ ಕೇಳಿ. ‘ಸರ್, ಹೈ ಕ್ವಾಲಿಟಿ ಸೆನ್ಸರ್’ ಅನ್ನುವ ಉತ್ತರ ಬಂದರೆ ಮುಂದಿನ ಪುಟಕ್ಕೆ ಹೋಗಿ. ಸಿಒ2, ಟಿವಿಒಸಿ (ಗಾಳಿಯಲ್ಲಿನ ಆವಿಗಳ ಒಟ್ಟು ಮೊತ್ತ), ಫಾರ್ಮಾಲ್ಡಿಹೈಡ್ ಎಲ್ಲ ಅಳೆಯುತ್ತೇವೆ ಅನ್ನುವ ಅಗ್ಗದ ಡಬ್ಬಿಗಳಲ್ಲಿ ಮೂರೂ ಅಂಕಿ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತಿದ್ದರೆ, ಒಂದೇ ಸೆನ್ಸರ್‌ಗೆ ಮೂರು ವೇಷ ಹಾಕಿಸಿದ್ದಾರೆ ಅಂತಲೇ ತಿಳಿಯಿರಿ.

ಹಂತ 3: ಡೇಟಾಶೀಟ್‌ನ ಆ ಒಂದು ಸಾಲನ್ನು ಬಿಡಿಸಿ ಓದಿ

ಸೆನ್ಸ್‌ಏರ್ ಎಸ್8ನ ನಿಖರತೆ ‘±40 ಪಿಪಿಎಂ ±3% ರೀಡಿಂಗ್’ ಅಂತ ಇದೆ. ಎರಡು ಭಾಗ ಕೂಡಿಸಬೇಕು. ಕೋಣೆಯಲ್ಲಿ ನಿಜಕ್ಕೂ 1000 ಇದ್ದರೆ 40 ಜೊತೆಗೆ 1000ದ ಶೇಕಡಾ 3, ಅಂದರೆ 30. ಒಟ್ಟು 70. ಪರದೆಯ ಮೇಲೆ 930ರಿಂದ 1070ರವರೆಗೆ ಏನು ಕಂಡರೂ ಸೆನ್ಸರ್ ಕೊಟ್ಟ ಮಾತಿಗೆ ತಪ್ಪಿಲ್ಲ. ಅಕ್ಕಪಕ್ಕ ಇಟ್ಟ ಎರಡು ಒಳ್ಳೆಯ ಮಾನಿಟರ್‌ಗಳಲ್ಲಿ ಒಂದು 940, ಇನ್ನೊಂದು 1050 ತೋರಿಸಿದರೆ ಗಾಬರಿ ಬೇಡ ಅನ್ನುವುದು ಇದಕ್ಕೇ.

ಇದೇ ಲೆಕ್ಕ ಬೇರೆಯವಕ್ಕೂ ಹಾಕಿ. ಎಸ್‌ಸಿಡಿ30ರದು ±(30 + 3%), 1000ದಲ್ಲಿ 60. ಎಂಎಚ್-ಝಡ್19ಬಿಯದು ±(50 + 5%), 1000ದಲ್ಲಿ 100. ಎಸ್‌ಸಿಡಿ40ರದೂ ಹೆಚ್ಚುಕಡಿಮೆ ಇಷ್ಟೇ. ಎಸ್‌ಸಿಡಿ41 ಅದಕ್ಕಿಂತ ಸ್ವಲ್ಪ ಬಿಗಿ, ಜೊತೆಗೆ ಅದರ ವ್ಯಾಪ್ತಿ 5000ದವರೆಗೆ ಇದೆ. ಮುಚ್ಚಿದ ಮಲಗುವ ಕೋಣೆ ಅಳೆಯುವವರಿಗೆ ಈ ವ್ಯಾಪ್ತಿ ಮುಖ್ಯ. ಎಸ್‌ಸಿಡಿ40ರ ನಿಖರತೆಯ ಭರವಸೆ 2000ಕ್ಕೇ ನಿಲ್ಲುತ್ತದೆ, ನಿಮ್ಮ ಕೋಣೆ ಅಲ್ಲಿಗೆ ನಿಲ್ಲುವುದಿಲ್ಲ.

ಪರದೆಯ ಮೇಲೆ ‘1 ಪಿಪಿಎಂ ರೆಸಲ್ಯೂಷನ್’ ಅಂತ ಹೊಗಳಿಕೊಂಡಿದ್ದರೆ ಅದನ್ನು ಲೆಕ್ಕಕ್ಕೇ ಇಡಬೇಡಿ. ಅದು ಅಂಕಿ ಬರೆಯುವ ರೀತಿ ಮಾತ್ರ. ‘±5%’ ಅಂತ ಶೇಕಡಾ ಮಾತ್ರ ಕೊಟ್ಟು ಪಿಪಿಎಂ ಭಾಗ ಬಿಟ್ಟಿದ್ದರೆ ಆ ಸಾಲನ್ನು ಬರೆದವರು ಸೆನ್ಸರ್ ತಯಾರಿಸಿದವರಲ್ಲ, ಜಾಹೀರಾತು ಬರೆದವರು.

ಈ ಸಾಲಿನ ಪಕ್ಕ ಸಣ್ಣ ಅಕ್ಷರದಲ್ಲಿ ಷರತ್ತುಗಳಿರುತ್ತವೆ. 25 ಡಿಗ್ರಿ, ಸಮುದ್ರ ಮಟ್ಟದ ಒತ್ತಡ, ಕ್ಯಾಲಿಬ್ರೇಷನ್ (ಗೊತ್ತಿರುವ ಅಂಕಿಗೆ ಅಳತೆಯನ್ನು ಹೊಂದಿಸುವುದು) ಸರಿ ಇದೆ ಅನ್ನುವ ಭಾವನೆ. ಮುಂದಿನ ಎರಡು ಹಂತ ಆ ಸಣ್ಣ ಅಕ್ಷರಗಳ ಬಗ್ಗೆ.

ಹಂತ 4: ನಿಮ್ಮ ಕೋಣೆ ಯಾವಾಗಲಾದರೂ ಖಾಲಿಯಾಗುತ್ತದಾ?

ವಿಚಿತ್ರ ಪ್ರಶ್ನೆ ಅನ್ನಿಸಬಹುದು. ಸೆನ್ಸರ್ ಆಯ್ಕೆಯಲ್ಲಿ ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ.

ಎನ್‌ಡಿಐಆರ್ ಸೆನ್ಸರ್‌ನ ಬೆಳಕಿನ ಮೂಲ ವರ್ಷಗಳು ಕಳೆದಂತೆ ಮಂಕಾಗುತ್ತದೆ, ಒಳಗೆ ಧೂಳು ಕೂರುತ್ತದೆ. ಬೆಳಕು ಕಡಿಮೆ ಬಂದರೆ ಸೆನ್ಸರ್ ಅದನ್ನು ಸಿಒ2 ಹೆಚ್ಚಾಯಿತು ಅಂತ ಓದುತ್ತದೆ. ಇದನ್ನು ತಡೆಯಲು ಹೆಚ್ಚಿನ ಸೆನ್ಸರ್‌ಗಳಲ್ಲಿ ಸ್ವಯಂ ಕ್ಯಾಲಿಬ್ರೇಷನ್ ಇರುತ್ತದೆ. ಸೆನ್ಸ್‌ಏರ್ ಅದನ್ನು ಎಬಿಸಿ ಅನ್ನುತ್ತದೆ, ಸೆನ್ಸಿರಿಯಾನ್ ಎಎಸ್‌ಸಿ ಅನ್ನುತ್ತದೆ. ತಕ್ಕಡಿ ಖಾಲಿ ಇದ್ದಾಗ ಮುಳ್ಳನ್ನು ಸೊನ್ನೆಗೆ ತಂದುಕೊಂಡ ಹಾಗೆ, ಒಂದು ಅವಧಿಯಲ್ಲಿ ಕಂಡ ಅತಿ ಕಡಿಮೆ ರೀಡಿಂಗನ್ನು ‘ಇದು ಹೊರಗಿನ ಗಾಳಿ, 400 ಪಿಪಿಎಂ’ ಅಂತ ಇಟ್ಟುಕೊಳ್ಳುತ್ತದೆ. ಆ ಅವಧಿ ಸೆನ್ಸ್‌ಏರ್, ಸೆನ್ಸಿರಿಯಾನ್‌ಗಳಲ್ಲಿ ಸುಮಾರು ಒಂದು ವಾರ. ಎಂಎಚ್-ಝಡ್19ರಲ್ಲಿ 24 ಗಂಟೆ.

ಸಂಜೆ ಬೀಗ ಹಾಕುವ ಶಾಲೆ, ಭಾನುವಾರ ರಜೆ ಇರುವ ಆಫೀಸು, ಹಗಲೆಲ್ಲ ಕಿಟಕಿ ತೆರೆದಿರುವ ಮನೆ, ಇಲ್ಲೆಲ್ಲ ಈ ಏರ್ಪಾಡು ಚೆನ್ನಾಗಿ ನಡೆಯುತ್ತದೆ. ಈಗ ಮೂರು ಪಾಳಿಯ ಕಾಲ್ ಸೆಂಟರ್ ಊಹಿಸಿಕೊಳ್ಳಿ. ಹಗಲು ರಾತ್ರಿ ಜನ, ತೆರೆಯದ ಗಾಜು, ವಾರವಿಡೀ 650ಕ್ಕಿಂತ ಕೆಳಗೆ ಇಳಿಯದ ಗಾಳಿ. ಸೆನ್ಸರ್ ಆ 650ನ್ನೇ 400 ಅಂದುಕೊಳ್ಳುತ್ತದೆ. ಅಲ್ಲಿಂದ ಮುಂದೆ 1200 ಇದ್ದಾಗ 950 ತೋರಿಸುತ್ತದೆ. ಪರದೆ ಹಸಿರು, ಎಲ್ಲರಿಗೂ ಸಮಾಧಾನ. ಗಾಳಿ ಎಷ್ಟು ಕೆಟ್ಟಿದೆಯೋ ಸೆನ್ಸರ್ ಅಷ್ಟು ಒಳ್ಳೆಯ ಸುದ್ದಿ ಕೊಡುತ್ತದೆ. ಹಾಸ್ಟೆಲ್ ಕೋಣೆ, ಆಸ್ಪತ್ರೆಯ ವಾರ್ಡ್, ಹಾಸಿಗೆ ಹಿಡಿದ ಹಿರಿಯರಿರುವ ಕೋಣೆ ಎಲ್ಲಕ್ಕೂ ಇದೇ ತೊಂದರೆ. 24 ಗಂಟೆಯ ಅವಧಿಯದ್ದಾದರೆ ಚಳಿಗಾಲದಲ್ಲಿ ಒಂದು ದಿನ ಕಿಟಕಿ ತೆರೆಯದಿದ್ದರೂ ಸಾಕು, ಮರುದಿನದಿಂದಲೇ ಲೆಕ್ಕ ತಪ್ಪುತ್ತದೆ.

ಆದ್ದರಿಂದ ಹೀಗೆ ತೀರ್ಮಾನಿಸಿ. ಕೋಣೆ ವಾರಕ್ಕೊಮ್ಮೆಯಾದರೂ ಕೆಲವು ಗಂಟೆ ಖಾಲಿಯಾಗಿ ಹೊರಗಿನ ಗಾಳಿಗೆ ಸಮನಾಗುತ್ತದೆ ಅಂದರೆ ಸ್ವಯಂ ಕ್ಯಾಲಿಬ್ರೇಷನ್ ಇರಲಿ. ಇಲ್ಲ ಅಂದರೆ ಅದನ್ನು ಆಫ್ ಮಾಡಲು ಬರುವ ಮಾನಿಟರನ್ನೇ ಕೊಳ್ಳಿ, ಕೈಯಾರೆ ಕ್ಯಾಲಿಬ್ರೇಟ್ ಮಾಡುವ ಸೌಲಭ್ಯವೂ ಇರಬೇಕು. ಸದಾ ಜನರಿರುವ ಜಾಗಕ್ಕೆ ಎರಡು ಚಾನಲ್‌ನ ಎನ್‌ಡಿಐಆರ್ ಇನ್ನೂ ಒಳ್ಳೆಯದು. ಅದರಲ್ಲಿ ಸಿಒ2 ಹೀರದ, 4 ಮೈಕ್ರೋಮೀಟರ್ ಆಸುಪಾಸಿನ ಇನ್ನೊಂದು ತರಂಗವನ್ನೂ ಅಳೆಯುತ್ತಾರೆ. ದೀಪ ಮಂಕಾದರೆ ಎರಡೂ ಒಟ್ಟಿಗೆ ಕುಗ್ಗುತ್ತವೆ, ಸಿಒ2 ಏರಿದರೆ ಒಂದು ಮಾತ್ರ. ಎಸ್‌ಸಿಡಿ30 ಈ ಬಗೆಯದು. ಹಾಗಂತ ಇದಕ್ಕೆ ಯಾವತ್ತೂ ಕ್ಯಾಲಿಬ್ರೇಷನ್ ಬೇಡ ಅಂತಲ್ಲ, ನಿಧಾನಕ್ಕೆ ಬದಲಾಗುತ್ತದೆ ಅಷ್ಟೇ.

ಇನ್ನೊಂದು ಚಿಕ್ಕ ವಿಷಯ. ಹೊರಗಿನ ಗಾಳಿ ಈಗ 400 ಅಲ್ಲ, 425. ಸೆನ್ಸರ್ ಇನ್ನೂ 400 ಅಂದುಕೊಂಡರೆ ಎಲ್ಲ ರೀಡಿಂಗೂ ಸುಮಾರು 25 ಕಡಿಮೆ ಬರುತ್ತದೆ. ತಲೆ ಕೆಡಿಸಿಕೊಳ್ಳುವಷ್ಟಲ್ಲ.

ಹಂತ 5: ಊರಿನ ಎತ್ತರ ಸೆನ್ಸರ್‌ಗೆ ಹೇಳಿ

ಕರಾವಳಿಯವರು ಈ ಹಂತ ಬಿಟ್ಟು ಮುಂದೆ ಹೋಗಬಹುದು. ಬೆಂಗಳೂರು, ಮೈಸೂರು, ಹಾಸನ, ಚಿಕ್ಕಮಗಳೂರು, ಮಡಿಕೇರಿಯವರು ಗಮನವಿಟ್ಟು ಓದಿ.

ಬೆಳಕು ಹೀರುವುದು ಕೊಳವೆಯಲ್ಲಿರುವ ಸಿಒ2 ಅಣುಗಳ ಎಣಿಕೆಯನ್ನು ಅವಲಂಬಿಸಿದೆ, ಅವು ಗಾಳಿಯ ಎಷ್ಟನೇ ಪಾಲು ಅನ್ನುವುದನ್ನಲ್ಲ. ಎತ್ತರಕ್ಕೆ ಹೋದಂತೆ ಗಾಳಿಯೇ ತೆಳುವಾಗುತ್ತದೆ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಸುಮಾರು 910 ಹೆಕ್ಟೋಪ್ಯಾಸ್ಕಲ್, ಮಂಗಳೂರಿನಲ್ಲಿ 1010 ಆಸುಪಾಸು. ಎತ್ತರ ತಿಳಿಸದ ಸೆನ್ಸರ್ ಬೆಂಗಳೂರಿನಲ್ಲಿ ನಿಜವಾದ 1000ಕ್ಕೆ 900 ಅಥವಾ ಅದಕ್ಕೂ ಕಡಿಮೆ ತೋರಿಸುತ್ತದೆ. ಮಡಿಕೇರಿಯಲ್ಲಿ ಇನ್ನೂ ಕಡಿಮೆ. ಡೇಟಾಶೀಟ್‌ನ ±70 ಎಲ್ಲಿ, ಈ 100 ಎಲ್ಲಿ! ಸ್ವಯಂ ಕ್ಯಾಲಿಬ್ರೇಷನ್ ಕೆಳಗಿನ ತುದಿಯನ್ನು, ಅಂದರೆ 400ರ ಬಿಂದುವನ್ನು, ಸರಿಮಾಡಿಕೊಂಡರೂ ಮೇಲಿನ ರೀಡಿಂಗ್‌ಗಳು ತಪ್ಪಾಗಿಯೇ ಉಳಿಯಬಹುದು.

ಒಳ್ಳೆಯ ಮಾನಿಟರ್‌ನ ಸೆಟ್ಟಿಂಗ್‌ನಲ್ಲಿ ‘ಆಲ್ಟಿಟ್ಯೂಡ್’ ಅನ್ನುವ ಆಯ್ಕೆ ಇರುತ್ತದೆ, ಅಥವಾ ಒಳಗೇ ಒತ್ತಡ ಅಳೆಯುವ ಚಿಪ್ ಇರುತ್ತದೆ. ಲಾಟ್ವಿಯಾದ ಅರಾನೆಟ್4ರಲ್ಲಿ ಅಂಥ ಚಿಪ್ ಇದೆ. ಎಸ್‌ಸಿಡಿ30, 40, 41ಕ್ಕೆ ಎತ್ತರವನ್ನು ಮೀಟರ್‌ನಲ್ಲಿ ಕೊಡಬಹುದು. ಕೊಡದಿದ್ದರೆ ಅವು ಸೊನ್ನೆ ಮೀಟರ್ ಅಂತಲೇ ಲೆಕ್ಕ ಹಾಕುತ್ತವೆ. ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲಿ ಇಎಸ್‌ಪಿಹೋಮ್ ಅನ್ನುವ ತಂತ್ರಾಂಶ ಬಳಸಿ ತಾವೇ ಮಾನಿಟರ್ ಕಟ್ಟುವವರು ಎತ್ತರದ ಆ ಒಂದು ಸಾಲು ಮರೆಯಬಾರದು.

ಒಂದು ಬಲೆ ಇದೆ. ಎತ್ತರದ ಬದಲು ಒತ್ತಡ ಕೊಡಲು ಹೊರಟು ಮೊಬೈಲಿನ ಹವಾಮಾನ ಆ್ಯಪ್ ನೋಡಿದರೆ ಬೆಂಗಳೂರಿಗೂ 1012 ಅಂತ ಇರುತ್ತದೆ. ಅದು ಸಮುದ್ರ ಮಟ್ಟಕ್ಕೆ ಪರಿವರ್ತಿಸಿದ ಒತ್ತಡ, ಹವಾಮಾನ ನಕ್ಷೆಗಾಗಿ ಮಾಡಿದ್ದು. ಅದನ್ನು ಸೆನ್ಸರ್‌ಗೆ ಕೊಟ್ಟರೆ ಏನೂ ಕೊಡದಿದ್ದಷ್ಟೇ. ಸುಮ್ನೆ ಎತ್ತರವನ್ನೇ ಹಾಕಿ, ದಿನದಿನದ ಒತ್ತಡದ ಏರಿಳಿತ ಅಷ್ಟೇನೂ ದೊಡ್ಡದಲ್ಲ.

ಹಂತ 6: ಉಳಿದ ಸಣ್ಣಪುಟ್ಟ ಗುಣಗಳು

ಸ್ಪಂದಿಸುವ ವೇಗ ಒಂದೆರಡು ನಿಮಿಷ ಇದ್ದರೆ ಸಾಕು. ಬ್ಯಾಟರಿ ಮಾನಿಟರ್‌ಗಳು ವಿದ್ಯುತ್ ಉಳಿಸಲು ಹಲವು ನಿಮಿಷಕ್ಕೊಮ್ಮೆ ಅಳೆಯುತ್ತವೆ, ಕೋಣೆಗೆ ಅದೂ ಸಾಕು. ಹಿಂದಿನ ದಿನಗಳ ಗ್ರಾಫ್ ಕಾಣುವ ಹಾಗಿರಬೇಕು, ಈ ಕ್ಷಣದ ಅಂಕಿಗಿಂತ ರಾತ್ರಿಯ ಗೆರೆ ಜಾಸ್ತಿ ಹೇಳುತ್ತದೆ. ಇಂಟರ್ನೆಟ್ ಇಲ್ಲದೆಯೂ ರೀಡಿಂಗ್ ಕಾಣಬೇಕು. ಆಪ್ ಮುಚ್ಚಿಹೋದ ದಿನ ಮಾನಿಟರ್ ಕಲ್ಲಾಗಬಾರದು ಅಲ್ವಾ? ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ತೇವಾಂಶ ಹೆಚ್ಚಿದ್ದರೂ ಎನ್‌ಡಿಐಆರ್‌ಗೆ ದೊಡ್ಡ ತೊಂದರೆಯಿಲ್ಲ, ಸೆನ್ಸರ್ ಮೇಲೆ ನೀರು ಹನಿಗಟ್ಟಬಾರದು ಅಷ್ಟೆ.

ಹಂತ 7: ಹಾಗಾದರೆ ಯಾವುದನ್ನು ಕೊಳ್ಳಲಿ?

ಯಾವ ಕಿರಿಕಿರಿಯೂ ಬೇಡ, ತಂದು ಇಟ್ಟರೆ ಸಾಕು ಅನ್ನುವವರಿಗೆ ಅರಾನೆಟ್4 ತರಹದ್ದು. ಒಳಗೆ ಸೆನ್ಸ್‌ಏರ್ ಸನ್‌ರೈಸ್ ಇದೆ, ಬ್ಯಾಟರಿಯಲ್ಲಿ ಓಡುತ್ತದೆ, ಸ್ವಯಂ ಕ್ಯಾಲಿಬ್ರೇಷನ್ ಬೇಕೋ ಬೇಡವೋ ಆರಿಸಬಹುದು. ಬೆಲೆ ಮಾತ್ರ ಕಹಿ. ಅಪಾರ್ಟ್‌ಮೆಂಟಿನವರು ನಾಲ್ಕು ಮನೆ ಸೇರಿ ಒಂದು ಕೊಂಡು ಸರದಿಯಲ್ಲಿ ಬಳಸಿದರೂ ನಷ್ಟವಿಲ್ಲ. ಒಂದು ಕೋಣೆಯ ಸ್ವಭಾವ ತಿಳಿಯಲು ಒಂದು ವಾರ ಸಾಕು.

ಬೆಸುಗೆ ಹಾಕಲು ಬರುವವರಿಗೆ, ಮಗಳ ಕಾಲೇಜು ಪ್ರಾಜೆಕ್ಟಿಗೆ ಸಹಾಯ ಮಾಡುವವರಿಗೆ ಎಸ್‌ಸಿಡಿ41 ಮಾಡ್ಯೂಲ್ ಮತ್ತು ಇಎಸ್‌ಪಿ32. ಬೆಸುಗೆಯ ಬಿಸಿಗೆ ಎಸ್‌ಸಿಡಿ41ರ ರೀಡಿಂಗ್ ಕೆಲವು ದಿನ ಆಚೀಚೆ ಆಗುತ್ತದೆ ಅಂತ ತಯಾರಕರೇ ಹೇಳುತ್ತಾರೆ, ಆದ್ದರಿಂದ ಮೊದಲೇ ಬೋರ್ಡ್ ಮೇಲೆ ಕೂರಿಸಿದ ಮಾಡ್ಯೂಲನ್ನೇ ಕೊಳ್ಳಿ. ಸದಾ ಕರೆಂಟ್ ಸಿಗುವ ಜಾಗದಲ್ಲಿ ಗೋಡೆಗೆ ಹಾಕುವುದಾದರೆ ಎಸ್8 ಗಟ್ಟಿ ಕುಳ. ಎಂಎಚ್-ಝಡ್19 ಅಗ್ಗ, ಕಲಿಯಲು ಪರವಾಗಿಲ್ಲ. ಆದರೆ ಅದರ ನಕಲಿ ಮಾಲೂ ಓಡಾಡುತ್ತಿದೆ, 24 ಗಂಟೆಯ ಸ್ವಯಂ ಕ್ಯಾಲಿಬ್ರೇಷನನ್ನು ಆಫ್ ಮಾಡದೆ ಅದನ್ನು ಮಲಗುವ ಕೋಣೆಯಲ್ಲಿ ಇಡಬೇಡಿ.

ಹಂತ 8: ಮನೆಗೆ ಬಂದ ಮೇಲೆ ಪರೀಕ್ಷೆ

ವಾಪಸ್ ಕಳಿಸುವ ಗಡುವು ಮುಗಿಯುವ ಮುಂಚೆಯೇ ಇದನ್ನೆಲ್ಲ ಮುಗಿಸಿ.

ಮೊದಲು ಸ್ಯಾನಿಟೈಸರ್ ಪರೀಕ್ಷೆ. ಮಾನಿಟರನ್ನು ಅರ್ಧ ಗಂಟೆ ಓಡಲು ಬಿಟ್ಟು ರೀಡಿಂಗ್ ನಿಲ್ಲಲಿ. ಹತ್ತಿಯ ಉಂಡೆಗೆ ನಾಲ್ಕು ಹನಿ ಹ್ಯಾಂಡ್ ಸ್ಯಾನಿಟೈಸರ್ ಹಾಕಿ ಗಾಳಿ ಒಳಹೋಗುವ ರಂಧ್ರದಿಂದ ಒಂದು ಗೇಣು ದೂರದಲ್ಲಿ ಇಡಿ. ಇಟ್ಟು ಕೋಣೆಯಿಂದ ಆಚೆ ಬನ್ನಿ. ಅಲ್ಲೇ ಬಗ್ಗಿ ನೋಡುತ್ತಾ ನಿಂತರೆ ನಿಮ್ಮ ಉಸಿರೇ ಪರೀಕ್ಷೆ ಕೆಡಿಸುತ್ತದೆ. ಐದು ನಿಮಿಷ ಬಿಟ್ಟು ಗ್ರಾಫ್ ನೋಡಿ. ನಿಜವಾದ ಸಿಒ2 ಸೆನ್ಸರ್ ಆದರೆ ಗೆರೆ ಹಾಗೇ ಇರುತ್ತದೆ. 450ರಿಂದ ಸೀದಾ 2000, 3000ಕ್ಕೆ ಹಾರಿದ್ದರೆ ಅದು ಲೋಹದ ಆಕ್ಸೈಡ್ ಸೆನ್ಸರ್, ಪ್ಯಾಕ್ ಮಾಡಿ ವಾಪಸ್ ಕಳಿಸಿ. ಒಗ್ಗರಣೆ ಅಥವಾ ಊದುಬತ್ತಿಯಿಂದ ಈ ಪರೀಕ್ಷೆ ಮಾಡಬೇಡಿ. ಗ್ಯಾಸ್ ಒಲೆಯ ಉರಿ, ಉರಿಯುವ ಬತ್ತಿ ನಿಜಕ್ಕೂ ಸಿಒ2 ಬಿಡುತ್ತವೆ, ಒಳ್ಳೆಯ ಸೆನ್ಸರ್ ಮೇಲೂ ಸುಳ್ಳು ಆರೋಪ ಬರುತ್ತದೆ.

ನಂತರ ಹೊರಗಾಳಿಯ ಪರೀಕ್ಷೆ. ಬಾಲ್ಕನಿ ಅಥವಾ ತಾರಸಿಯಲ್ಲಿ, ನೆರಳಿನಲ್ಲಿ, ಜನರಿಂದ ದೂರ, ಇಪ್ಪತ್ತು ಮೂವತ್ತು ನಿಮಿಷ ಇಡಿ. ಬಿಸಿಲು ಸ್ವಲ್ಪ ಏರಿದ ಮೇಲೆ, ಗಾಳಿ ಆಡುವ ಹೊತ್ತು ಒಳ್ಳೆಯದು. ನಸುಕಿನಲ್ಲಿ ನೆಲದ ಹತ್ತಿರ ಸಿಒ2 ಹೆಚ್ಚಿರುತ್ತದೆ. 400ರಿಂದ 480ರ ಒಳಗೆ ಬಂದರೆ ಸರಿ. 300 ಅಥವಾ 600 ಬಂದರೆ ಕೈಯಾರೆ ಕ್ಯಾಲಿಬ್ರೇಷನ್ ಮಾಡಿ: ಮಾನಿಟರ್ ಹೊರಗೇ ಇದ್ದು ರೀಡಿಂಗ್ ನಿಂತಾಗ ಆ ಗುಂಡಿ ಒತ್ತಿ ದೂರ ಸರಿಯಿರಿ. ಗುಂಡಿ ಒತ್ತಿ ಅಲ್ಲೇ ಮುಖ ಚಾಚಿ ನೋಡುತ್ತಾ ನಿಂತರೆ ನಿಮ್ಮ ಉಸಿರಿಗೆ ಕ್ಯಾಲಿಬ್ರೇಟ್ ಆದ ಮಾನಿಟರ್ ನಿಮ್ಮ ಪಾಲಾಗುತ್ತದೆ.

ಕೊನೆಗೆ ಒಂದು ರಾತ್ರಿ ಮಲಗುವ ಕೋಣೆಯಲ್ಲಿ ಇಡಿ. ಬಾಗಿಲು ಹಾಕಿದ ಹೊತ್ತಿನಿಂದ ಗೆರೆ ಏರುತ್ತಾ ಹೋಗಿ ನಸುಕಿನಲ್ಲಿ ಸಮತಟ್ಟಾಗಬೇಕು, ಕಿಟಕಿ ತೆರೆದ ಕೂಡಲೇ ಧುಮುಕಬೇಕು. ರಾತ್ರಿಯಿಡೀ 450ರಲ್ಲೇ ಮಲಗಿರುವ ಗೆರೆಯನ್ನು ನಂಬಬೇಡಿ.

ಹಂತ 9: ಎಲ್ಲಿ ಇಡಬೇಕು, ಹೇಗೆ ಓದಬೇಕು

ಕೂತವರ ಮೂಗಿನ ಎತ್ತರ, ಮೂರರಿಂದ ಐದು ಅಡಿ. ಯಾರ ಉಸಿರೂ ನೇರವಾಗಿ ತಾಗದಷ್ಟು, ಕನಿಷ್ಠ ಒಂದು ಮೀಟರ್ ದೂರ. ಕಿಟಕಿಯ ಪಕ್ಕ, ಎಸಿಯ ಗಾಳಿಗೆ ಎದುರು, ಫ್ರಿಜ್ ಮೇಲೆ, ಬಿಸಿಲಿನಲ್ಲಿ ಬೇಡ. ಹಾಸಿಗೆ ಪಕ್ಕದ ಸ್ಟೂಲ್ ಮೇಲೆ, ದಿಂಬಿಗೆ ಒಂದು ಅಡಿ ದೂರದಲ್ಲಿ ಇಟ್ಟು ‘3000 ಬಂತು’ ಅಂತ ಹೆದರುವವರಿದ್ದಾರೆ. ಅದು ಕೋಣೆಯ ಗಾಳಿಯಲ್ಲ, ಗೊರಕೆಯ ಗಾಳಿ.

ಓದುವಾಗ ಒಳಗಿನ ಅಂಕಿಯಿಂದ ಹೊರಗಿನ ಅಂಕಿ ಕಳೆಯುವ ಅಭ್ಯಾಸ ಮಾಡಿಕೊಳ್ಳಿ, ಎರಡನ್ನೂ ಅದೇ ಮಾನಿಟರ್‌ನಿಂದ ಅಳೆದು. ಸೆನ್ಸರ್ ಎಲ್ಲ ಕಡೆ 80 ಕಡಿಮೆ ತೋರಿಸುತ್ತಿದ್ದರೆ ಕಳೆಯುವಾಗ ಆ ದೋಷ ತಾನೇ ಹೊರಟುಹೋಗುತ್ತದೆ. ಗಾಳಿಯಾಟ ಹೇಳುವುದೂ ಈ ವ್ಯತ್ಯಾಸವೇ.

ಇದರಿಂದ ಕೋಣೆಯ ಗಾಳಿ ಗಂಟೆಗೆ ಎಷ್ಟು ಸಲ ಬದಲಾಗುತ್ತದೆ ಅಂತಲೂ ಲೆಕ್ಕ ಹಾಕಬಹುದು. ಜನ ಇದ್ದಾಗ ಏರಿದ ಮೇಲೆ ಎಲ್ಲರೂ ಆಚೆ ಹೋಗಿ, ಮಾನಿಟರ್ ಮಾತ್ರ ಒಳಗಿರಲಿ. ಹೊರಗೆ 430, ಶುರುವಿನಲ್ಲಿ ಒಳಗೆ 1600, ಅರ್ಧ ಗಂಟೆಯ ನಂತರ 820 ಅಂತ ಇಟ್ಟುಕೊಳ್ಳಿ. ಹೊರಗಿನದು ಕಳೆದರೆ 1170 ಮತ್ತು 390. ಭಾಗಿಸಿದರೆ 3. ಫೋನಿನ ಕ್ಯಾಲ್ಕುಲೇಟರ್‌ನಲ್ಲಿ 3ರ ಸಹಜ ಲಾಗರಿದಮ್ ತೆಗೆದರೆ 1.1. ಅದನ್ನು ಅರ್ಧ ಗಂಟೆಯಿಂದ ಭಾಗಿಸಿ: 2.2. ಗಂಟೆಗೆ ಎರಡು ಸಲಕ್ಕಿಂತ ಸ್ವಲ್ಪ ಜಾಸ್ತಿ. ಕಿಟಕಿ ಒಂದು ಇಂಚು ತೆರೆದು, ಎಕ್ಸಾಸ್ಟ್ ಹಾಕಿ ಮತ್ತೆ ಮಾಡಿ ನೋಡಿ, ಯಾವುದಕ್ಕೆ ಎಷ್ಟು ಬೆಲೆ ಅಂತ ಗೊತ್ತಾಗುತ್ತದೆ.

ಇದು ಏನನ್ನು ಅಳೆಯುವುದಿಲ್ಲ

ಸಿಒ2 ಮಾನಿಟರ್ ಕಾರ್ಬನ್ ಮಾನಾಕ್ಸೈಡ್ ಅಳೆಯುವುದಿಲ್ಲ. ಹೆಸರು ಹತ್ತಿರ ಇರುವುದರಿಂದ ಅಂಗಡಿಯವರೂ ಗೊಂದಲ ಮಾಡುತ್ತಾರೆ. ಕಿಟಕಿಯಿಲ್ಲದ ಬಚ್ಚಲುಮನೆಯ ಗ್ಯಾಸ್ ಗೀಸರ್‌ನಿಂದ ಸಾವು ಅಂತ ಪೇಪರಿನಲ್ಲಿ ಬರುತ್ತದಲ್ಲ, ಅದಕ್ಕೆ ಕಾರಣ ಈ ಮಾನಾಕ್ಸೈಡ್. ಅದಕ್ಕೆ ಎಲೆಕ್ಟ್ರೋಕೆಮಿಕಲ್ ಸೆನ್ಸರ್ ಇರುವ ಬೇರೆ ಅಲಾರಂ ಬೇಕು. ಅಲಾರಂ ಬರುವವರೆಗೆ ಕಾಯದೆ ಗೀಸರನ್ನು ಬಚ್ಚಲಿನಿಂದ ಹೊರಗೆ ಹಾಕಿಸುವುದೇ ಸರಿ. ಧೂಳು, ಹೊಗೆಯ ಕಣಕ್ಕೂ ಇದು ಕುರುಡು. ರಸ್ತೆ ಬದಿಯ ಮನೆಯಲ್ಲಿ ಕಿಟಕಿ ತೆರೆದರೆ ಸಿಒ2 ಇಳಿಯುತ್ತದೆ, ಧೂಳು ಏರುತ್ತದೆ. ಅಂಥ ಕಡೆ ಸಣ್ಣ ಕಣಗಳನ್ನು ಅಳೆಯುವ ಪಿಎಂ2.5 ಮಾನಿಟರ್ ಕೂಡ ಪಕ್ಕದಲ್ಲಿರಲಿ. ಟ್ರಾಫಿಕ್ ಕಡಿಮೆ ಇರುವ ಹೊತ್ತು ನೋಡಿ ಕಿಟಕಿ ತೆರೆಯಿರಿ.

ಮಾನಿಟರ್ ಒಂದು ವರ್ಷ ಹಳೆಯದಾದಾಗ ಮತ್ತೆ ತಾರಸಿಗೆ ಒಯ್ದು ಹೊರಗಾಳಿಯ ಪರೀಕ್ಷೆ ಮಾಡಿ. ಸ್ವಯಂ ಕ್ಯಾಲಿಬ್ರೇಷನ್ ಆಫ್ ಮಾಡಿದವರು ಆರು ತಿಂಗಳಿಗೊಮ್ಮೆ. ಬಂದ ಅಂಕಿಯನ್ನು ತಾರೀಖಿನ ಜೊತೆ ಚೀಟಿಯಲ್ಲಿ ಬರೆದು ಮಾನಿಟರ್ ಹಿಂದೆಯೇ ಅಂಟಿಸಿ.